ವ್ರತ ಹಿಡಿದ ಗಿಡ

ಕೈಗುಣ ಎನ್ನುವುದೊಂದು ಇದೆ ಎಂದು ನಾನು ಬಹಳ ಕಾಲ ನಂಬಿರಲಿಲ್ಲ. ನಾನು ಪ್ರಾಥಮಿಕ ಶಾಲೆಯ ಮೇಡಂ. ಗಿಡ ಬೆಳೆಯಲು ಗಾಳಿ, ನೀರು, ಬೆಳಕು ಬೇಕು ಎಂದು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಕಂಠಪಾಠ ಮಾಡಿಸುವವಳು. ಅದರಲ್ಲಿ ಕೈಯ ಸುದ್ದಿ ಎಲ್ಲೂ ಬರುವುದಿಲ್ಲ. ಆದರೆ ಮದುವೆಯಾಗಿ ಭದ್ರಾವತಿಯ ಜನ್ನಾಪುರಕ್ಕೆ ಬಂದು ನಮ್ಮ ಅತ್ತೆಯನ್ನು ನೋಡಿದ ಮೇಲೆ ನಂಬದೆ ಗತ್ಯಂತರವಿರಲಿಲ್ಲ. ಅತ್ತೆ ಯಾರದೋ ಮನೆಯ ಬೇಲಿಯ ಹತ್ತಿರ ನಿಂತು ಮಾತಾಡುತ್ತಾ ಮಾತಾಡುತ್ತಾ ಒಂದು ಕಡ್ಡಿ ಮುರಿದು, ಮನೆಗೆ ಬಂದು ಬಚ್ಚಲು ನೀರು ಹೋಗುವಲ್ಲಿ ಊರಿ, ಆಮೇಲೆ ಅದನ್ನು ಮರೆತೇಬಿಡುತ್ತಾರೆ. ಅದು ಚಿಗುರಿ, ಹೂಬಿಟ್ಟು, ತಾನೇ ನೆನಪು ಮಾಡಿಕೊಡುತ್ತದೆ. ನಾನು ಗೊಬ್ಬರ ಹಾಕಿ, ನೆರಳು ಮಾಡಿ, ಬೆಳಗೆದ್ದು ಮುಖ ನೋಡಿ ಸಾಕಿದ್ದು ಮಾತ್ರ ವಾರದಲ್ಲೇ ಕೈಕೊಡುತ್ತದೆ. "ಪುದೀನಾನೂ ಸಾಯ್ಸಿದ್ಯಲ್ಲೇ ಮಾರಾಯ್ತಿ! ಅದನ್ನ ಕಿತ್ತು ಬೀದಿಗೆಸೆದ್ರೂ ಬದುಕುತ್ತೆ" ಎಂದು ಅತ್ತೆ ಒಮ್ಮೆ ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಅಂದಿನಿಂದ ಅಂಗಳದಲ್ಲಿ ಏನಾದರೂ ನೆಡುವ ದಿನ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ನೀನು ಒಳಗೆ ಹೋಗಿ ಕಾಫಿಗಿಡಮ್ಮ" ಎನ್ನುತ್ತಿದ್ದರು. ಕೋಪದಿಂದಲ್ಲ, ಗಿಡದ ಆಯುಸ್ಸಿನ ಮೇಲಿನ ಕಾಳಜಿಯಿಂದ. ಅದೇ ನನಗೆ ಹೆಚ್ಚು ಉರಿಯುತ್ತಿದ್ದದ್ದು.

ಹೀಗಿರುವಾಗ ನನ್ನ ಬಾಳಿನಲ್ಲಿ ಮುತ್ತಿನ ಸರ ಬಂತು. ಕತ್ತಿಗಲ್ಲ, ಕಿಟಕಿಗೆ. ನಮ್ಮ ಶಾಲೆಯಲ್ಲಿದ್ದು ನಿವೃತ್ತರಾದ ಶಾರದಕ್ಕ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದಾರೆ. ಒಬ್ಬರೇ ಇರುವುದರ ಬಗ್ಗೆ ಅವರಿಗೆ ಬೇಸರವಿಲ್ಲ, ಸಣ್ಣದೊಂದು ಜಂಬವೇ ಇದೆ. ಶನಿವಾರ ಶಾಲೆ ಬೆಳಗಿನದಾದ್ದರಿಂದ, ಬ್ಲೌಸ್ ಪೀಸು, ಬೇಳೆಕಾಳು ಎಂದು ಏನಾದರೊಂದು ನೆವ ಹೇಳಿ ನಾನು ಬಸ್ಸು ಹತ್ತುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಕಾಲು ಗಂಟೆ, ಶಾರದಕ್ಕನ ಮನೆಯಲ್ಲಿ ಸಂಜೆಯವರೆಗೆ. ಅವರ ಕಿಟಕಿಯಲ್ಲಿ ತೂಗು ಹಾಕಿದ ಕುಂಡದಿಂದ ಹಸಿರು ದಾರಗಳು ಇಳಿಬಿದ್ದಿದ್ದವು, ದಾರದ ತುಂಬ ಬಟಾಣಿಯಂಥ ಹಸಿರು ಮಣಿಗಳು. ಗಿಡದ ಹೆಸರೇ ಮುತ್ತಿನ ಸರ, ಆ ಮಣಿಗಳೇ ಅದರ ಎಲೆಗಳಂತೆ! ಕನ್ನಡಕ ಸರಿಮಾಡಿಕೊಂಡು ನೋಡಿದರೆ ಪ್ರತಿ ಮಣಿಗೂ ಪಾರದರ್ಶಕವಾದ ಒಂದು ಸಣ್ಣ ಗೀಟು. ಆ ಗೀಟಿನಿಂದ ಬೆಳಕು ಒಳಗೆ ಹೋಗುತ್ತದೆ, ನೀರು ಮಣಿಯೊಳಗೇ ಉಳಿಯುತ್ತದೆ ಎಂದು ಶಾರದಕ್ಕ ವಿವರಿಸಿದರು. ಅಂದರೆ ಪ್ರತಿ ಎಲೆಯೂ ಒಂದು ಕಿಟಕಿ ಇರುವ ನೀರಿನ ಟ್ಯಾಂಕು. ಇಷ್ಟು ವರ್ಷ ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದವಳಿಗೆ ಇಂಥದ್ದೊಂದು ಎಲೆ ಇದೆಯೆಂದು ಗೊತ್ತಿರಲಿಲ್ಲವಲ್ಲ ಎಂದು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಶಾರದಕ್ಕ ಕತ್ತರಿ ತಂದು ನಾಲ್ಕು ಎಳೆ ಕತ್ತರಿಸಿ ನನ್ನ ಟಿಫನ್ ಡಬ್ಬಿಗೆ ಸುರುಳಿ ಸುತ್ತಿ ಹಾಕಿದರು.

"ನೀರು ಮಾತ್ರ ಹಾಕ್ತಾ ಕೂತ್ಕೋಬೇಡ. ಮಣ್ಣು ಬೂದಿ ಥರ ಒಣಗಿ, ಮಣಿ ಸ್ವಲ್ಪ ಸುಕ್ಕಾದ್ಮೇಲೆ ಒಂದಿಷ್ಟು ತೋರ್ಸು, ಸಾಕು" ಎಂದರು.

"ಮರೆತ್ರೆ?"

"ಮರೆತ್ರೆ ಇನ್ನೂ ಒಳ್ಳೇದು ಮಾರಾಯ್ತಿ."

ಒಲೆಯ ಮೇಲೆ ಹಾಲಿಟ್ಟು ಮರೆಯುವ, ಕೊಡೆಯನ್ನು ಬಸ್ಸಿನಲ್ಲಿ ಮರೆಯುವ ನನ್ನಂಥವಳಿಗೆಂದೇ ದೇವರು ಕೊನೆಗೂ ಒಂದು ಗಿಡ ಮಾಡಿದ್ದಾನೆ ಎನಿಸಿತು. ಮನೆಗೆ ತಂದು ಡಬ್ಬಿ ತೆರೆದಾಗ ಅತ್ತೆ ಬಗ್ಗಿ ನೋಡಿದರು. "ಇದೇನೇ, ಹಸಿ ಬಟಾಣಿ ಪೋಣಿಸ್ಕೊಂಡು ಬಂದಿದೀಯ? ಸಾಗು ಮಾಡೋಕಾಗುತ್ತಾ?" ನಾನು ಅದರ ಗುಣಗಾನ ಮಾಡಿದೆ. ನೀರು ಹಾಕದಿದ್ದರೇ ಬದುಕುತ್ತದೆ ಎಂದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಸರಿ, ಮಳೆಗಾಲ ಹಿಡಿಯೋವರ್ಗೂ ಇದನ್ನ ಉಳಿಸ್ಕೋ ನೋಡೋಣ. ಉಳೀತು ಅಂದ್ರೆ ಈ ಸಲ ಅಂಗಳದಲ್ಲಿ ಮಲ್ಲಿಗೆ ಕಡ್ಡಿ ನೀನೇ ನೆಡು, ನಾನು ಒಳಗೆ ಹೋಗಿ ಕಾಫಿಗಿಡ್ತೀನಿ. ಉಳೀಲಿಲ್ಲ ಅಂದ್ರೆ ಇನ್ಮೇಲೆ ಗಿಡದ ಸುದ್ದಿ ಎತ್ಬಾರ್ದು." ಎದುರಿಗೆ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಪೇಪರಿನ ಹಿಂದೆಯೇ ನಕ್ಕದ್ದು ನನಗೆ ಕೇಳಿಸಿತು. ನಾನು ಒಪ್ಪಿಕೊಂಡೆ.

ಬೆಳಕು ಚೆನ್ನಾಗಿ ಬರುವುದು ಮುಂದಿನ ಕೋಣೆಯ ಕಿಟಕಿಗೆ. ಕುಂಡವನ್ನು ಅಲ್ಲಿ ಸರಳಿಗೆ ಕಟ್ಟಿದೆ. ಕಿಟಕಿಯ ಕೆಳಗೆ ಒಂದು ಬೆತ್ತದ ಕುರ್ಚಿ, ಪಕ್ಕದ ಸ್ಟೂಲಿನ ಮೇಲೆ ನಮ್ಮ ಮನೆಗೆ ಹೊಸದಾಗಿ ಬಂದ ಟೆಲಿಫೋನು. ಆಗಿನ್ನೂ ಜನರ ಜೇಬಿಗೆ ಫೋನು ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ಫೋನಿದ್ದದ್ದು ನಮ್ಮ ಮನೆಯಲ್ಲೇ, ಹಾಗಾಗಿ ನಮ್ಮ ನಂಬರು ಬೀದಿಗೆಲ್ಲ ನಂಬರು. ಗಿಡ ಮೊದಲು ಸುಮಾರಾಗಿ ಹಿಡಿದುಕೊಂಡಿತು, ಎಳೆಗಳ ತುದಿಯಲ್ಲಿ ಸಾಸಿವೆಯಷ್ಟು ಹೊಸ ಮಣಿಗಳು ಬಂದವು. ನಾನು ಅತ್ತೆಗೆ ಕಾಣುವಂತೆ ಅದರ ಮುಂದೆ ಸುಳಿದಾಡಿದೆ. ಬೇಸಿಗೆ ಏರುತ್ತಿದ್ದಂತೆ ಬುಡದ ಮಣಿಗಳು ಮೆತ್ತಗಾದವು, ಕಂದಿದವು, ಮುಟ್ಟಿದರೆ ಪಿಚಕ್ಕೆಂದವು. ಮಣ್ಣಿಗೆ ಬೆರಳಿಟ್ಟರೆ ಒದ್ದೆ! ನಾನು ನೀರು ಹಾಕಿಲ್ಲ. ನಾನು ಮರೆತವಳೂ ಅಲ್ಲ, ಹಾಕಬಾರದು ಎಂದು ನೆನಪಿಟ್ಟುಕೊಂಡು ಹಾಕದವಳು. ಸೂರು ಸೋರುತ್ತದೆಯೇ ಎಂದು ನೋಡಿದೆ, ಬಿರುಬೇಸಿಗೆಯಲ್ಲಿ ಏನು ಸೋರುತ್ತದೆ? ಗೋಡೆಯೊಳಗೆ ನಲ್ಲಿ ಪೈಪು ಒಡೆದಿದೆಯೇ ಎಂದು ಗೋಡೆಗೆ ಕಿವಿಯಿಟ್ಟೆ. ಒಂದು ದಿನ ಬಿಟ್ಟು ಒಂದು ದಿನ ನೀರು ಬರುವ ಊರಿನಲ್ಲಿ ಪೈಪು ಒಡೆದಿದ್ದರೂ ಅದರಲ್ಲಿ ಇರುವುದು ಗಾಳಿಯೇ. ಗಿಡ ತಾನೇ ಬೆವರುತ್ತದೆಯೋ ಎಂದು ಒಂದು ಮಧ್ಯಾಹ್ನವಿಡೀ ಯೋಚಿಸಿದೆ. ಕೊನೆಗೆ ಉಳಿದದ್ದು ಒಂದೇ ಅನುಮಾನ. ಹೇಳಲು ನಾಚಿಕೆಯಾಗುತ್ತದೆ, ಆದರೂ ಪಂದ್ಯ ಎಂದ ಮೇಲೆ ಎದುರಾಳಿಯ ಮೇಲಲ್ಲದೆ ಇನ್ಯಾರ ಮೇಲೆ ಅನುಮಾನ ಪಡಬೇಕು?

"ಅತ್ತೆ, ಗಿಡಕ್ಕೆ ನೀವೇನಾದ್ರೂ ನೀರು ಹಾಕಿದ್ರಾ?" ಎಂದು ಕೇಳಿದೆ.

ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ನಾನು ನೀರು ಹಾಕಿದ್ದಿದ್ರೆ ಅದು ಬದುಕಿರ್ತಿತ್ತು" ಎಂದರು.

ಶಾಲೆಗೆ ಬೇಸಿಗೆ ರಜೆ ಬಂತು. ನಾನು ಮೊರದ ತುಂಬ ಅಕ್ಕಿ ಹಾಕಿಕೊಂಡು, ಕಲ್ಲು ಆರಿಸುವ ನೆವದಲ್ಲಿ ಕಿಟಕಿಯ ಎದುರು ಕಾವಲು ಕೂತೆ. ಎದುರು ಮನೆಯ ಮುರುಗೇಶಣ್ಣ ಬಂದರು. ಕಾರ್ಖಾನೆಯ ಕೆಲಸ, ಸೇಲಂನಿಂದ ತಂಗಿಯ ಫೋನು ಬರುವುದಿತ್ತು. ಅತ್ತೆ ಪದ್ಧತಿಯಂತೆ ದೊಡ್ಡ ಲೋಟದ ತುಂಬ ನೀರು ತಂದುಕೊಟ್ಟರು. ಮುರುಗೇಶಣ್ಣ ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಅರ್ಧ ಕುಡಿದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಫೋನು ಎತ್ತಿ "ಹಲೋ" ಎನ್ನುತ್ತಾ, ಬಲಗೈಯಲ್ಲಿದ್ದ ಮಿಕ್ಕ ನೀರನ್ನು, ಕಣ್ಣೆತ್ತಿಯೂ ನೋಡದೆ, ನನ್ನ ಮುತ್ತಿನ ಸರದ ಬುಡಕ್ಕೆ ಸುರಿದು ಖಾಲಿ ಲೋಟವನ್ನು ಮರ್ಯಾದೆಯಿಂದ ಕೆಳಗಿಟ್ಟರು. ಆಮೇಲೆ ತಂಗಿಯ ಕಷ್ಟಸುಖ ಕೇಳುತ್ತಾ ಒಂದೊಂದೇ ಮಣಿ ಕಿತ್ತು ಬೆರಳಲ್ಲಿ ಉರುಳಿಸತೊಡಗಿದರು! ಅವರು ಹೋದ ಮೇಲೆ ಮೂಲೆಮನೆಯ ಪಾರ್ವತಮ್ಮ ಬಂದರು, ಅದೇ ಕುರ್ಚಿ, ಅದೇ ಲೋಟ, ಅದೇ ಕುಂಡ. ಗ್ಯಾಸಿನವನು ಬಂದ, ನಿಂತುಕೊಂಡೇ ಕುಡಿದು ನಿಂತುಕೊಂಡೇ ಸುರಿದ. ನನಗೆ ಕೋಪ ಬರಬೇಕಿತ್ತು, ಬಂದದ್ದು ಬೆರಗು. ಇಷ್ಟು ವರ್ಷ ಮನೆಗೆ ಬಂದವರಿಗೆ ನೀರು ಕೊಟ್ಟಿದ್ದೇವೆ, ಅವರು ಅರ್ಧವೇ ಕುಡಿಯುತ್ತಾರೆ, ಲೋಟ ಮಾತ್ರ ಖಾಲಿಯಾಗಿ ಹಿಂದಿರುಗುತ್ತದೆ, ಮಿಕ್ಕದ್ದು ಎಲ್ಲಿ ಹೋಗುತ್ತದೆ ಎಂದು ಒಮ್ಮೆಯಾದರೂ ಯೋಚಿಸಿದ್ದೆನೇ? ಮುರುಗೇಶಣ್ಣ ಮತ್ತೆ ಬಂದಾಗ ಕೇಳಿಯೇಬಿಟ್ಟೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯೋ ಸಿಸ್ಟರ್, ಕುಡಿಯೋ ನೀರು ನೆಲಕ್ಕೆ ಚೆಲ್ಬಾರ್ದಲ್ಲ! ಗಿಡಕ್ಕೆ ತಾನೇ ಹಾಕಿದ್ದು?" ಪಾಪ, ಪುಣ್ಯ ಬರಲೆಂದು ಹಾಕಿದ್ದು.

ಮೊದಲು ಸಣ್ಣ ಲೋಟದಲ್ಲಿ ನೀರು ಕೊಟ್ಟು ನೋಡಿದೆ. ಅತ್ತೆ ಸಿಡಿದರು: "ಬಂದೋರಿಗೆ ನೀರು ಕೊಡ್ತಿದೀಯೋ, ಮಗೀಗೆ ಒಳಲೇಲಿ ಹಾಲು ಕುಡಿಸ್ತಿದೀಯೋ? ಬೀದೀಲಿ ಏನಂದಾರು?" ಕುಂಡವನ್ನು ಮೇಲಕ್ಕೆ ಕಟ್ಟಿದೆ, ಎದ್ದು ನಿಂತು ಹಾಕಿದರು. 'ಗಿಡಕ್ಕೆ ನೀರು ಹಾಕಬೇಡಿ' ಎಂದು ರಟ್ಟಿನ ಮೇಲೆ ದುಂಡಗೆ ಬರೆದು ನೇತುಹಾಕಿದೆ. ಪಾರ್ವತಮ್ಮ ಅದನ್ನು ಗಟ್ಟಿಯಾಗಿ ಓದಿ, "ಇಂಥಾ ಬಿಸಿಲಲ್ಲಿ ಎಷ್ಟು ಕಲ್ಲು ಮನಸ್ಸು ಇವಳದು" ಎಂದು ಗೊಣಗಿ, ನಾನು ಅತ್ತ ತಿರುಗಿದಾಗ ಕನಿಕರದಿಂದ ಎರಡು ಗುಟುಕು ಹೆಚ್ಚೇ ಹಾಕಿದರು. ಸೋತೆ ಎನಿಸಿತು. ನಾಲ್ಕು ಎಳೆಯಲ್ಲಿ ಮೂರು ಕೊಳೆತು ಉದುರಿದ ದಿನ ನಾನು ಅತ್ತೆಯ ಎದುರು ಎಲ್ಲ ಹೇಳಿಕೊಂಡು ಅತ್ತೇಬಿಟ್ಟೆ. ಗಿಡಕ್ಕೆ ಯಾರಾದರೂ ಅಳುತ್ತಾರೆಯೇ ಎನ್ನಬೇಡಿ. ನನ್ನ ಕೈಯಲ್ಲಿ ಒಂದಾದರೂ ಬದುಕಬೇಕಿತ್ತು, ಅಷ್ಟೇ. ಮರುದಿನದಿಂದ ಅತ್ತೆ ಬಂದವರ ಕೈಗೆ ನೀರು ಕೊಡುವಾಗಲೇ ತಗ್ಗಿದ ದನಿಯಲ್ಲಿ ಹೇಳತೊಡಗಿದರು: "ಅದಕ್ಕೆ ನೀರು ಹಾಕ್ಬೇಡ್ರಪ್ಪ. ನಮ್ಮ ಸೊಸೆ ಆ ಗಿಡಕ್ಕೆ ವ್ರತ ಹಿಡ್ಸಿದಾಳೆ. ಉಪವಾಸ ಇದೆ." ನನ್ನ ರಟ್ಟಿಗೆ ಬಗ್ಗದ ಬೀದಿ ಉಪವಾಸಕ್ಕೆ ಬಗ್ಗಿತು. ಮುರುಗೇಶಣ್ಣ ಕುರ್ಚಿಯನ್ನೇ ದೂರ ಸರಿಸಿಕೊಂಡು ಕೂತರು. ಪಾರ್ವತಮ್ಮ ಹೋಗುವಾಗ ಕುಂಡಕ್ಕೆ ಕೈಮುಗಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಉಳಿದ ಒಂದೆಳೆಯೂ ಸೊರಗಿತ್ತು. "ಹೋಗು, ಇನ್ನೊಂದೆರಡು ಎಳೆ ತಗೊಂಬಾ, ಪಂದ್ಯ ಇನ್ನೂ ಮುಗಿದಿಲ್ಲ" ಎಂದು ಅತ್ತೆಯೇ ಕಳಿಸಿದರು. ಶನಿವಾರ ಶಾರದಕ್ಕನ ಮನೆಗೆ ಹೋದರೆ ಅವರ ಮುಖವೂ ಬಾಡಿತ್ತು. ಸೆಖೆ ಶುರುವಾದ ಮೇಲೆ ಗಾಳಿಗೆಂದು ಕುರ್ಚಿಗಳನ್ನು ಕಿಟಕಿಯ ಹತ್ತಿರ ಹಾಕಿದ್ದರು. ನಾನು ನನ್ನ ಮಾಮೂಲಿ ಕುರ್ಚಿಯಲ್ಲಿ ಕೂತು, ಅವರು ಕೊಟ್ಟ ನೀರು ಕುಡಿಯುತ್ತಾ ಮೇಲೆ ನೋಡಿದೆ. ಅವರ ಗಿಡದ ಒಂದು ಮಗ್ಗುಲು ಪೂರಾ ಕೊಳೆತು ಹೋಗಿತ್ತು. "ನಾನಂತೂ ಅಳತೆ ಮಾಡಿ ನೀರು ಹಾಕೋಳು. ಏನಾಯ್ತೋ ಗೊತ್ತಿಲ್ಲ ಮಾರಾಯ್ತಿ" ಎಂದರು. ಆಹಾ, ಕೊನೆಗೂ ನನಗೆ ಗೊತ್ತಿದ್ದದ್ದು ಶಾರದಕ್ಕನಿಗೆ ಗೊತ್ತಿಲ್ಲದ ಗಳಿಗೆ ಬಂತು! ನಾನು ಪಾಠ ಶುರುಮಾಡಿದೆ. ಇದು ರೋಗವಲ್ಲ, ಅತಿಥಿಸತ್ಕಾರ ಎಂದೆ. ಮುರುಗೇಶಣ್ಣ, ಪಾರ್ವತಮ್ಮ, ಗ್ಯಾಸಿನವನು ಎಲ್ಲರ ಕತೆ ಹೇಳಿದೆ. ಜನಕ್ಕೆ ತಮ್ಮ ಕೈ ಏನು ಮಾಡುತ್ತದೆ ಎಂಬ ಪರಿವೆಯೇ ಇರುವುದಿಲ್ಲ ಎಂದು ಕೈಯಾಡಿಸಿ ಹೇಳಿದೆ. "ನಿಮ್ಮನೆಗೆ ಬರೋರು ಯಾರ್ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ ಶಾರದಕ್ಕ."

ಶಾರದಕ್ಕ ಯೋಚನೆ ಮಾಡಿದರು. "ನಮ್ಮನೆಗೆ ಯಾರು ಬರ್ತಾರೆ? ನೀನೊಬ್ಳೇ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಲೋಟ ನೋಡಿಕೊಂಡೆ. ಖಾಲಿಯಾಗಿತ್ತು. ಅಷ್ಟು ನೀರು ನಾನು ಕುಡಿದಿರಲಿಲ್ಲ. ಕುಂಡದ ತಳದಿಂದ ಒಂದು ಹನಿ ನನ್ನ ಸೀರೆಯ ನೆರಿಗೆಯ ಮೇಲೆ ಬಿತ್ತು. ಶಾರದಕ್ಕ ಆ ಹನಿಯನ್ನೂ ನನ್ನನ್ನೂ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕತ್ತರಿ ತಂದು, ಚೆನ್ನಾಗಿದ್ದ ಎಳೆಗಳನ್ನೆಲ್ಲ ಕತ್ತರಿಸಿ ನನ್ನ ಡಬ್ಬಿಗೇ ಹಾಕಿದರು. "ಇಷ್ಟನ್ನೂ ತಗೊಂಡ್ಹೋಗು. ಅಲ್ಲಿ ಕಾಯೋಕೆ ನಿಮ್ಮತ್ತೆ ಇದಾರೆ. ಇಲ್ಲಿ ಉಳಿಯೋದು ಕಷ್ಟ, ನೀನು ಬರೋದು ಬಿಡಲ್ಲ, ನಾನೂ ಬಿಡ್ಸಲ್ಲ."

ಆ ಎಳೆಗಳು ಅತ್ತೆಯ ಕಾವಲಿನಲ್ಲಿ ಮಳೆಗಾಲ ಕಂಡವು. ಮಲ್ಲಿಗೆ ಕಡ್ಡಿ ನಾನೇ ನೆಟ್ಟೆ, ಚಿಗುರಿತು ಕೂಡ. ಸೊಸೆಯ ಕೈಗುಣ ಈಗ ಸುಧಾರಿಸಿದೆ ಎಂದು ಅತ್ತೆ ಬೀದಿಯಲ್ಲಿ ಹೇಳಿಕೊಂಡು ಬರುತ್ತಾರೆ. ಶಿವಮೊಗ್ಗದಲ್ಲಿ ಆ ಕೈ ಏನು ಮಾಡಿತ್ತೆಂದು ನಾನು ಬಾಯಿಬಿಟ್ಟಿಲ್ಲ. ಗಿಡ ಹಬ್ಬಿದ ಮೇಲೆ ಶಾರದಕ್ಕನಿಗೂ ಒಂದಿಷ್ಟು ಎಳೆ ವಾಪಸು ಕೊಟ್ಟು ಬಂದೆ. ಅವರು ಅದನ್ನು ಅದೇ ಕಿಟಕಿಗೆ ಕಟ್ಟಿದ್ದಾರೆ, ಕುರ್ಚಿಯನ್ನೂ ಸರಿಸಿಲ್ಲ. ಹೋದ ಕೂಡಲೇ ದೊಡ್ಡ ಲೋಟದಲ್ಲಿ ನೀರು ಕೊಡುತ್ತಾರೆ, ಕೊಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೇ ನಿಲ್ಲುತ್ತಾರೆ. ಕೊನೆಯ ಗುಟುಕು ಇಳಿಯುವ ತನಕ ಅಲ್ಲಿಂದ ಕದಲುವುದಿಲ್ಲ. ನಾನು ಬಾಯಾರಿಕೆ ಇದ್ದರೂ ಇಲ್ಲದಿದ್ದರೂ ಪೂರ್ತಿ ಕುಡಿದು, ಸಂಜೆ ಹೊಟ್ಟೆಯಲ್ಲಿ ನೀರು ಕುಲುಕಿಸಿಕೊಂಡು ಭದ್ರಾವತಿ ಬಸ್ಸು ಹತ್ತುತ್ತೇನೆ.