ಮೂರು ದಿನದ ರಜೆ, ಮೂರು ಥಾಳಿ ಊಟ

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗುಣ ನನ್ನಲ್ಲಿ ಮೊದಲಿನಿಂದಲೂ ಕಡಿಮೆ. ನಾಸಿಕದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರ ಸಂದರ್ಶನದಲ್ಲಿ ಪೋರ್ಟಲ್ ಕಟ್ಟುವ ಫ್ರೇಮ್‌ವರ್ಕ್ ಬರುತ್ತದೆಯೇ ಎಂದು ಕೇಳಿದಾಗ, ವಿಜಾಪುರದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ ನಾನು ತಡಮಾಡದೆ ಬರುತ್ತದೆ ಎಂದುಬಿಟ್ಟೆ. ಕೆಲಸ ಸಿಕ್ಕ ಮೇಲೆ ಕದ್ದು ಓದಿ ತಿಳಿದುಕೊಂಡದ್ದಿಷ್ಟು: ಪೋರ್ಟಲ್ ಎಂದರೆ ಒಂದು ದೊಡ್ಡ ಪುಟ, ಅದರೊಳಗಿನ ಒಂದೊಂದು ಪೆಟ್ಟಿಗೆಯೂ ಒಂದು ಪೋರ್ಟ್‌ಲೆಟ್. ಒಂದರಲ್ಲಿ ಹಾಜರಿ, ಇನ್ನೊಂದರಲ್ಲಿ ರಜೆ. ಪಕ್ಕಪಕ್ಕದಲ್ಲಿದ್ದರೂ ಒಂದು ಮತ್ತೊಂದರ ಗೊಡವೆಗೆ ಹೋಗಬಾರದು. ಆಗ ನಾಸಿಕದ ಒಂದು ವಠಾರದಲ್ಲಿ ಬಾಡಿಗೆಗಿದ್ದ ನನಗೆ, ಇಂಥ ನಿಯಮ ಎಲ್ಲಿಯೂ ನಡೆಯುವುದಿಲ್ಲವೆಂದು ಹೊಳೆಯಬೇಕಿತ್ತು.

ನನ್ನ ಮೊದಲ ಪೋರ್ಟಲ್, ಆಗ ಔರಂಗಾಬಾದ್ ಎನಿಸಿಕೊಳ್ಳುತ್ತಿದ್ದ ಊರಿನ ವಾಳೂಜ್‌ನಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಗೆ. ಅಲ್ಲಿನ ಸಿಬ್ಬಂದಿ ವಿಭಾಗದ ದೇಶಮುಖ ಸಾಹೇಬರಿಗೆ ಕಾಗದ ಕಂಡರೆ ಆಗುತ್ತಿರಲಿಲ್ಲ. ಕಾರ್ಮಿಕರು ಇನ್ನು ಗೇಟಿನ ಬಳಿಯ ಕಂಪ್ಯೂಟರಿನಲ್ಲೇ ರಜೆ ಕೇಳಬೇಕೆಂದು ಅಪ್ಪಣೆಯಾಯಿತು. ಆ ಅಪ್ಪಣೆ ಮಾತ್ರ ಕಾಗದದ ಮೇಲೆ ಬಂತು. ಉದ್ಘಾಟನೆಯ ಹಿಂದಿನ ದಿನ ಕಾರ್ಖಾನೆಯ ಮ್ಯಾನೇಜರರಿಗೆ ಕ್ಯಾಂಟೀನಿನದೂ ಒಂದು ಪೆಟ್ಟಿಗೆ ಬೇಕೆನಿಸಿತು. ಊಟವನ್ನು ಮುಂಗಡವಾಗಿ ಹೇಳಿಡಲು. ನಾನು ರಜೆಯ ಪೆಟ್ಟಿಗೆಯನ್ನೇ ನಕಲು ಮಾಡಿ, ರಜೆ ಎಂದಿದ್ದಲ್ಲಿ ಊಟ ಎಂದು ತಿದ್ದಿ, ಸಂಜೆ ಐದಕ್ಕೆ ಎದ್ದುಬಿಟ್ಟೆ. ಮರುದಿನ ಪೋರ್ಟಲ್‌ಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ನನಗೊಂದು ಹೂಗುಚ್ಛವೂ ಸಿಕ್ಕಿತು.

ಮೊದಲ ವಾರ ಆ ಕಂಪ್ಯೂಟರನ್ನು ಮುಟ್ಟುವ ಧೈರ್ಯ ಮಾಡಿದವನು ಒಬ್ಬನೇ: ಕಲಬುರಗಿ ಕಡೆಯ ಶರಣಪ್ಪ, ಲೇಥ್ ಮಷಿನ್ನಿನವನು. ತಂಗಿಯ ಮದುವೆಗೆ ಮೂರು ದಿನ ರಜೆ ಕೇಳಿ ಗುಂಡಿ ಒತ್ತಿದ. "ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ" ಎಂದು ಬಂತು. ಕೈಮುಗಿದು ಊರಿಗೆ ಹೋದ. ಮರಳಿ ಬಂದರೆ ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ. ಹೇಳದೆ ಕೇಳದೆ ಓಡಿಹೋದವರ ಪಟ್ಟಿಯಲ್ಲಿ ಅವನ ಹೆಸರು ಸೇರಿತ್ತು. ಪೋರ್ಟಲ್ ನೋಡಿಕೊಳ್ಳಲು ಇನ್ನೂ ಅಲ್ಲೇ ಉಳಿದಿದ್ದ ನನ್ನನ್ನು, ಕನ್ನಡದವನೆಂದು ಕಾವಲುಗಾರ ಕರೆಸಿದ. ಇಬ್ಬರೂ ದೇಶಮುಖರ ಕೋಣೆಗೆ ಹೋದೆವು.

"ನಾ ಮೂರ್ ದಿನಾ ರಜಾ ಹಾಕಿದ್ದೆರಿ ಸಾಹೇಬ್ರ. ಬೇಕಾದ್ರ ಡಬ್ಬಿ ತಗದು ನೋಡ್ರಿ," ಎಂದ ಶರಣಪ್ಪ. ಮದುವೆಯ ಅರಿಶಿನ ಅಂಗಿಯ ಮೇಲೆ ಹಾಗೇ ಇತ್ತು.

ದೇಶಮುಖರು ತಲೆಯೆತ್ತಲಿಲ್ಲ. "ಸಿಸ್ಟಮ್‌ನಲ್ಲಿ ಇಲ್ಲ ಅಂದಮೇಲೆ ರಜೆ ಇಲ್ಲ," ಎಂದು ಮರಾಠಿಯಲ್ಲಿ ಹೇಳಿ, ಅವನ ಲೆಕ್ಕ ಚುಕ್ತಾ ಮಾಡಲು ಗುಮಾಸ್ತನಿಗೆ ಸೂಚಿಸಿದರು.

ನಾನು ಡಬ್ಬಿ ತೆಗೆದು ನೋಡಿದೆ. ರಜೆಯ ಪೆಟ್ಟಿಗೆ ಖಾಲಿ. ಕ್ಯಾಂಟೀನಿನ ಪೆಟ್ಟಿಗೆಯಲ್ಲಿ ಮಾತ್ರ ಶರಣಪ್ಪನ ಹೆಸರಿಗೆ ಮೂರು ದಿನ, ದಿನಕ್ಕೊಂದು ಥಾಳಿ. ಅವನು ಊರಿನಲ್ಲಿ ಅಕ್ಕಿಕಾಳು ಹಾಕುತ್ತಿದ್ದಾಗ ಇಲ್ಲಿ ಅವನ ಪಾಲಿನ ಜೋಳದ ಭಾಕರಿ ತಣ್ಣಗಾಗುತ್ತಿತ್ತು. ನಕಲು ಮಾಡುವಾಗ ನಾನು ಗುಂಡಿಯ ಹೆಸರು ಬದಲಿಸಿರಲಿಲ್ಲ. ಎರಡು ಪೆಟ್ಟಿಗೆಗೂ ಒಂದೇ ಹೆಸರಿನ ಗುಂಡಿ. ರಜೆಯದನ್ನು ಒತ್ತಿದರೂ ಊಟವೇ ದಾಖಲಾಗುತ್ತಿತ್ತು.

ತಪ್ಪು ನನ್ನದೆಂದರೆ ನನ್ನ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಅವನದು. ದೇಶಮುಖರ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡು, "ಸರ್, ಫ್ರೇಮ್‌ವರ್ಕಿನಲ್ಲಿ ಪೋರ್ಟ್‌ಲೆಟ್‌ಗಳ ನಡುವೆ ನಾಮಸಂಘರ್ಷ ಆಗಿದೆ," ಎಂದೆ. ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪುವ ಗುಣ ಅವರಲ್ಲಿಯೂ ಕಡಿಮೆ.

"ನನಗೆ ಆಗಲೇ ಅನುಮಾನವಿತ್ತು. ಈ ಫ್ರೇಮ್‌ವರ್ಕ್‌ಗಳೇ ಹಾಗೆ," ಎಂದು ತಲೆಯಾಡಿಸಿ ಶರಣಪ್ಪನ ಕಾರ್ಡು ಚಾಲೂ ಮಾಡಿಸಿದರು. ಅಷ್ಟು ಬೇಗ ದೋಷ ಹಿಡಿದೆನೆಂದು ನಾಸಿಕಕ್ಕೆ ಫೋನು ಮಾಡಿ ನನ್ನನ್ನು ಹೊಗಳಿದ್ದೂ ಆಯಿತು.

ಸಂಜೆ ಗೇಟಿನ ಹೊರಗೆ ಶರಣಪ್ಪ ಕಾಯುತ್ತಿದ್ದ. ಪಾಳಿ ಮುಗಿಸಿ, ಮದುವೆಮನೆಯ ಬುತ್ತಿಯಿಂದ ನನಗೆಂದು ಶೇಂಗಾ ಹೋಳಿಗೆ ತಂದಿದ್ದ.

"ನೀವ್ ಇರ್ಲಿಲ್ಲಂದ್ರ ನನ್ ಕೆಲ್ಸಾನ ಹೋಗ್ತಿತ್ರಿ," ಎಂದ.

ನಾನಿದ್ದದ್ದರಿಂದಲೇ ಹೋಗುತ್ತಿತ್ತಪ್ಪ ಎಂದು ಹೇಳಲು ಬಾಯಿ ತೆರೆದದ್ದು ನಿಜ. ಅವನು ಹೋಳಿಗೆ ಮುಂದೆ ಹಿಡಿದ. ತೆರೆದ ಬಾಯಿಯನ್ನು ವ್ಯರ್ಥ ಮಾಡುವುದು ಬೇಡವೆಂದು ತಿಂದೆ. ಚೆನ್ನಾಗಿದೆ ಎಂದೆ. ಇನ್ನೊಂದು ಕೊಟ್ಟ.