ರಾಣಿಯ ಅಪ್ಪ ಮತ್ತು ರಿವರ್ಸ್ ಗೇರು

ಪ್ರಶಾಂತನ ಕಷ್ಟ ಶುರುವಾದದ್ದು ಕುದುರೆ ಸವಾರಿಯ ಪಂದ್ಯ ನಡೆಯುವ ರೋಡಿಯೋ ಮೈದಾನದ ಗೇಟಿನಲ್ಲಿ, ಕುದುರೆಯ ಟ್ರೈಲರನ್ನು ರಿವರ್ಸ್ ತೆಗೆಯಬೇಕಾಗಿ ಬಂದಾಗ. ಸ್ಟಿಯರಿಂಗು ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಹಬ್ಬಕ್ಕೆ ಬಂದು ಮುನಿಸಿಕೊಂಡ ಅಳಿಯನ ಹಾಗೆ.

ಹಿಂದೆ ನಿಂತು ದಾರಿ ತೋರಿಸುತ್ತಿದ್ದವರು ತ್ಯಾಗರಾಜ ಅಂಕಲ್. ಅಟ್ಲಾಂಟಾದಲ್ಲಿ ನಲವತ್ತು ವರ್ಷ ಹೃದಯದ ಡಾಕ್ಟರಾಗಿದ್ದು ನಿವೃತ್ತರಾಗಿ, ಈಗ ಪಕ್ಕದ ಸುವಾನಿ ಊರಿನ ಕನ್ನಡಿಗರಿಗೆಲ್ಲ ಎಲ್ಲ ವಿಷಯಕ್ಕೂ ಸಲಹೆ ಕೊಡುತ್ತಿದ್ದರು.

"ಬರ್ಲಿ, ಬರ್ಲಿ, ಬರ್ಲಿ," ಎಂದರು ಅಂಕಲ್.

ಟ್ರೈಲರು ನಿಂಬೆ ಶರಬತ್ತಿನ ಅಂಗಡಿಯ ಡೇರೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹಾಕಿಕೊಂಡಿತು.

"ಸಾಕು ಅನ್ಸುತ್ತೆ," ಎಂದರು ಅಂಕಲ್.

ಕೊನೆಗೆ ದೊಡ್ಡ ಟೋಪಿಯ ರೈತನೊಬ್ಬ ಬಂದು ಟ್ರಕ್ಕಿನ ಕೀಲಿ ಈಸಿಕೊಂಡು, ಒಂದೇ ಕೈಯಲ್ಲಿ ಟ್ರೈಲರನ್ನು ಸಾಲಿನಲ್ಲಿ ನಿಲ್ಲಿಸಿದ. ಹೆಸರು ವೇಡ್. ಅವನ ಮಗಳು ಮ್ಯಾಡಿ, ಪ್ರಶಾಂತನ ಮಗಳು ನೀತಾ, ಇವರಿಬ್ಬರೇ ಈ ವರ್ಷದ ರೋಡಿಯೋ ರಾಣಿಯ ಪಟ್ಟಕ್ಕೆ ನಿಂತವರು.

"ಚಿಂತೆ ಮಾಡ್ಬೇಡಿ, ಒಂದು ವರ್ಷ ಓಡಿಸಿದ್ರೆ ತಾನಾಗೇ ಬರುತ್ತೆ," ಎಂದ ವೇಡ್.

"ಯಾವ ಒಂದು ವರ್ಷ?"

ವೇಡ್ ನಿಧಾನವಾಗಿ ವಿವರಿಸಿದ. ರಾಣಿಯಾದವಳು ವರ್ಷವಿಡೀ ಶನಿವಾರ ಶನಿವಾರ ಒಂದೊಂದು ಊರಿನ ರೋಡಿಯೋಗೆ, ಮೆರವಣಿಗೆಗೆ ಕುದುರೆಯೊಂದಿಗೆ ಹೋಗಿ ಬಾವುಟ ಹಿಡಿಯಬೇಕು. ಕುದುರೆಯನ್ನು ಎಳೆದುಕೊಂಡು ಹೋಗಬೇಕಾದವನು ರಾಣಿಯ ಅಪ್ಪ. "ಹಿರಿ ಮಗಳು ರಾಣಿಯಾದಾಗ ನಾನೇ ಎಳೆದೆ. ಕ್ಯಾರೊಲೈನಾವರೆಗೂ."

ಪ್ರಶಾಂತನಿಗೆ ಇಡೀ ವರ್ಷದ ಶನಿವಾರಗಳು ಒಂದರ ಹಿಂದೊಂದು ರಿವರ್ಸ್ ಬರುತ್ತಿರುವಂತೆ ಕಂಡವು. ಮಗಳನ್ನು ಹುಡುಕಿಕೊಂಡು ಹೋದ.

"ಅಪ್ಪಾ, ಐ ಟೋಲ್ಡ್ ಯು ಎವ್ರಿಥಿಂಗ್," ಎಂದಳು ಹದಿನಾಲ್ಕರ ನೀತಾ, ಕನ್ನಡಿಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ. "ನೀನು ಕಾಲ್‌ನಲ್ಲಿದ್ದೆ. ಹ್ಞೂ ಹ್ಞೂ ಅಂದೆ." ಆಮೇಲೆ ಮಿಣಮಿಣ ಅಂಗಿಯಲ್ಲಿ ಒಂದು ಸುತ್ತು ತಿರುಗಿ, "ಹೇಗಿದೀನಿ?" ಎಂದಳು.

"ನಿಮ್ಮಜ್ಜಿ ನೋಡಿದ್ರೆ ದೃಷ್ಟಿ ತೆಗೀತಿದ್ರು ಕಣೇ," ಎಂದ. ಆದರೂ ಆ ಟ್ರೈಲರಿನ ನೆನಪು ಹೋಗಲಿಲ್ಲ.

ಚಾಮರಾಜನಗರದ ಕಡೆ ಅವನ ತಾತನ ಹತ್ತಿರ ಒಂದು ಎತ್ತಿತ್ತು. ತಾತ ಟವಲಿನ ತುದಿಗೆ ಬೆಲ್ಲ ಕಟ್ಟಿಕೊಂಡು ಬದುವಿನ ಮೇಲೆ ಕೂತರೆ, ಅದು ಅರ್ಧ ಉತ್ತ ಸಾಲು ಬಿಟ್ಟು ನೇಗಿಲ ಸಮೇತ ಅವನ ಮುಂದೆ ಬಂದು ನಿಲ್ಲುತ್ತಿತ್ತು. ಗೆದ್ದರೆ ಬಾಯಿ ಸಿಹಿ ಮಾಡಲೆಂದು ಹೆಂಡತಿ ವೇದಾ ತಂದಿದ್ದ ಅಚ್ಚು ಬೆಲ್ಲ ಚೀಲದಲ್ಲಿತ್ತು. ಪ್ರಶಾಂತ ಅದನ್ನು ಮೆಲ್ಲಗೆ ತೆಗೆದು, ಟ್ರೈಲರಿನ ಮರೆಯಲ್ಲಿ ಬಿಸ್ಕೆಟ್ ಎಂಬ ಹೆಸರಿನ ನೀತಾಳ ಕುದುರೆಗೆ ಚೂರು ಚೂರಾಗಿ ತಿನ್ನಿಸಿದ. ಬಿಸ್ಕೆಟ್ ಅಂಗೈ ನೆಕ್ಕಿತು, ಜೇಬು ಮೂಸಿತು, ಅವನನ್ನು ಹೋದ ಜನ್ಮದ ನಂಟನ ಹಾಗೆ ನೋಡಿತು. ಉಳಿದ ಬೆಲ್ಲವನ್ನು ಜೇಬಿಗಿಟ್ಟುಕೊಂಡು ಅವನು ಬೇಲಿಯ ಪಕ್ಕದ ಮೊದಲ ಸಾಲಿನಲ್ಲಿ ಕೂತ. ನೀತಾ ಸ್ಪರ್ಧೆಯ ಸುತ್ತು ಬರುವಾಗ ಕುದುರೆ ಬೆಲ್ಲದಾಸೆಗೆ ಇಲ್ಲಿ ನಿಲ್ಲುತ್ತದೆ. ಒಂದೆರಡು ಅಂಕ ಹೋಗುತ್ತದೆ, ಅಷ್ಟೇ. ಎರಡನೆಯ ಸ್ಥಾನ ಅವಮಾನವೇನಲ್ಲ.

"ಯಾಕ್ರೀ ಬೆವರ್ತಿದೀರ?" ಎಂದಳು ವೇದಾ.

"ಬಿಪಿ ಇರ್ಬೇಕು," ಎಂದರು ಅಂಕಲ್, ಅವನ ಕೈ ಹಿಡಿದು ನಾಡಿ ನೋಡುತ್ತ.

ಅಷ್ಟರಲ್ಲಿ ಮೈಕಿನಲ್ಲಿ ಪ್ರಕಟಣೆ ಬಂತು. ಈ ಊರಿನ ಹಳೆಯ ಪದ್ಧತಿಯಂತೆ, ರಾಣಿಯಾಗುವವಳು ಯಾರ ಕುದುರೆಯನ್ನಾದರೂ ಪಳಗಿಸಬಲ್ಲವಳಾಗಿರಬೇಕು. ಆದ್ದರಿಂದ ಹುಡುಗಿಯರು ಈಗ ಕುದುರೆಗಳನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ.

ಪ್ರಶಾಂತನ ನಾಡಿ ಅಂಕಲ್ ಕೈಯಲ್ಲಿ ಒಮ್ಮೆ ಹಾರಿತು. "ನೋಡಿದ್ಯಾ, ಹೇಳ್ಲಿಲ್ವಾ," ಎಂದರು ಅವರು.

ಮೊದಲು ಮ್ಯಾಡಿ ಬಿಸ್ಕೆಟ್ ಏರಿ ಬಂದಳು. ಅರ್ಧ ಸುತ್ತು ಚೆನ್ನಾಗಿಯೇ ಓಡಿದ ಕುದುರೆ, ಪ್ರಶಾಂತನನ್ನು ಕಂಡದ್ದೇ ಗಕ್ಕನೆ ನಿಂತು, ಬೇಲಿಯ ಮೇಲಿಂದ ಕತ್ತು ಚಾಚಿ ಅವನ ಜೇಬಿಗೆ ಮೂತಿ ಇಟ್ಟಿತು. ಮ್ಯಾಡಿಯ ಟೋಪಿ ಹಾರಿ ವೇದಾಳ ಮಡಿಲಿಗೆ ಬಿತ್ತು. ಪ್ರಶಾಂತ ಆಕಾಶ ನೋಡುತ್ತ ಕೂತ.

"ನಿನ್ನ ಪರಿಚಯ ಇದ್ದ ಹಾಗಿದೆ," ಎಂದರು ಅಂಕಲ್.

ಆಮೇಲೆ ನೀತಾ ಬಂದಳು. ವೇಡ್‌ನ ಕಪ್ಪು ಕುದುರೆಯ ಮೇಲೆ, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈ ಜನರತ್ತ ಬೀಸುತ್ತ, ಮಣ್ಣಿಗೇ ಗೊತ್ತಾಗದ ಹಾಗೆ ತೇಲಿಹೋದಳು. ಪ್ರಶಾಂತ ಎಲ್ಲ ಮರೆತ. ಬೆಂಚಿನ ಮೇಲೆ ಹತ್ತಿ, ಎರಡು ಬೆರಳು ಬಾಯಿಗಿಟ್ಟು, ಹೊಲದಾಚೆಯ ದನ ಕರೆಯುವ ಶಿಳ್ಳೆ ಹಾಕಿದ. ಮಗಳ ಟೋಪಿಗೆ ಕಿರೀಟ ಸಿಕ್ಕಿಸುವಾಗ ಇಡೀ ಮೈದಾನದಲ್ಲಿ ಕಣ್ಣೊರೆಸಿಕೊಂಡವನು ಅವನೊಬ್ಬನೇ.

"ಬಾಯಿ ಸಿಹಿ ಮಾಡೋಣ ಅಂದ್ರೆ ಬೆಲ್ಲಾನೇ ಇಲ್ವಲ್ಲ," ಎಂದು ಚೀಲ ತಡಕುತ್ತಿದ್ದ ವೇದಾ, ಕುದುರೆಯ ಎಂಜಲು ಹತ್ತಿದ ಗಂಡನ ಜೇಬನ್ನು ನೋಡಿ ತಡಕುವುದನ್ನು ನಿಲ್ಲಿಸಿದಳು.

ಪ್ರಶಾಂತ ತಲೆ ತಗ್ಗಿಸಿಕೊಂಡು ವೇಡ್‌ನ ಹತ್ತಿರ ಹೋದ. "ಕ್ಷಮಿಸಿ. ನಿಮ್ಮ ಮಗಳು ಸೋತದ್ದು ನನ್ನಿಂದ. ನಾನು ಬಿಸ್ಕೆಟ್‌ಗೆ..."

"ಟ್ರೈಲರ್ ಹಿಂದೆ ಏನೋ ತಿನ್ನಿಸ್ತಿದ್ದದ್ದು ನೋಡ್ದೆ," ಎಂದು ವೇಡ್ ಅವನನ್ನು ಬಾಚಿ ತಬ್ಬಿಕೊಂಡ. "ಸುಮ್ನಿದ್ದೆ. ನಾನು ಇವತ್ತು ಆ ಕಪ್ಪು ಕುದುರೆ ಯಾಕೆ ತಂದೆ ಅಂದ್ಕೊಂಡ್ರಿ? ನನ್ನ ಹಿರಿಯವಳನ್ನ ರಾಣಿ ಮಾಡಿದ್ದೇ ಅದು. ಅದಲು ಬದಲು ಆಗಿ ಅದು ನಿಮ್ಮ ಮಗಳಿಗೆ ಹೋಗುತ್ತೆ ಅಂತ ನಂಗೊತ್ತಿತ್ತಲ್ಲ. ಮುಂದಿನ ವರ್ಷ ಮ್ಯಾಡಿ ಗೆಲ್ಲಲಿ ಬಿಡಿ. ಅಷ್ಟೊತ್ತಿಗೆ ಅವಳಿಗೇ ಡ್ರೈವಿಂಗ್ ಲೈಸೆನ್ಸ್ ಬಂದಿರುತ್ತೆ, ಟ್ರೈಲರು ನಾನು ಎಳೀಬೇಕಾಗಿಲ್ಲ."

ಹಾಗೆಂದು ಟ್ರಕ್ಕಿನ ಕೀಲಿಯನ್ನು ಪ್ರಶಾಂತನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿದ. "ಮುಂದಿನ ಶನಿವಾರ ಸವಾನಾದಲ್ಲಿ. ಈಗ್ಲಿಂದ್ಲೇ ಅಭ್ಯಾಸ ಮಾಡಿ."

ಕಿರೀಟದ ಟೋಪಿ ತೊಟ್ಟ ಮಗಳು ಮುಂದಿನ ಸೀಟಿನಲ್ಲಿ ಕೂತು ಕೈ ಬೀಸತೊಡಗಿದಳು. ಪ್ರಶಾಂತ ರಿವರ್ಸ್ ಹಾಕಿದ.

"ಬರ್ಲಿ, ಬರ್ಲಿ," ಎಂದು ಹಿಂದಿನಿಂದ ಅಂಕಲ್ ದನಿ ಕೇಳಿತು.

ಶರಬತ್ತಿನ ಹೆಂಗಸು ಯಾರೂ ಹೇಳದೆಯೇ ತನ್ನ ಡೇರೆ ಬಿಚ್ಚತೊಡಗಿದಳು.