ದೆವ್ವಕ್ಕೆ ನಾನು ಬರೆದ ನಿಯಮಗಳು

ನನ್ನ ಆಯುಷ್ಯದಲ್ಲಿ ಇದು ಹೀಗೇ ನಡೆದುಕೊಂಡು ಬಂದಿದೆ: ನಾನೊಂದು ನಿಯಮ ಮಾಡುವುದು, ಸುತ್ತಲಿನವರೆಲ್ಲ ಸೇರಿ ಅದನ್ನು ನನ್ನ ತಲೆಗೇ ಕಟ್ಟುವುದು.

ಎಪ್ಪತ್ತರ ದಶಕದ ಮಾತು. ಹೊಸದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಊರ ಹೆಸರು ಬೇಡ. ಊರಿನ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟಿರುವುದು ಹೆಡ್ಮೇಷ್ಟ್ರ ಮೇಲೆ. ಅವರು ಲೆಕ್ಕದ ಮೇಷ್ಟ್ರಾಗಿದ್ದು ಹೆಡ್ ಆದವರು. ಡ್ರಾಯಿಂಗು ಪರೀಕ್ಷೆಗಿಲ್ಲ ಅಂತ ನನ್ನ ಪೀರಿಯಡ್‌ಗಳನ್ನು ಒಂದೊಂದಾಗಿ ಲೆಕ್ಕಕ್ಕೆ ಎಳಕೊಂಡರು. ಕೊನೆಗೆ ಶನಿವಾರದ ಕಡೇ ಪೀರಿಯಡ್ ಒಂದು ಉಳಿದಿತ್ತು, ಅದನ್ನೂ ನುಂಗಿದರು. ಬಣ್ಣದ ಡಬ್ಬಿ ಬೀರುವಿನಲ್ಲಿ, ನಾನು ಸ್ಟಾಫ್ ರೂಮಿನಲ್ಲಿ, ಇಬ್ಬರೂ ಒಣಗುತ್ತ ಕುಂತೆವು.

ಆ ಹೊಟ್ಟೆ ಉರಿಯಲ್ಲೇ ನಾನೊಂದು ಆಟ ಕಟ್ಟಿದೆ. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಚಿತ್ರದುರ್ಗದ ಕೋಟೆ ಬರೆದೆ. ಕೆಳಗಿನ ಬಾಗಿಲಿನಿಂದ ಬೆಟ್ಟದ ಮೇಲಿನ ಗುಡಿಯವರೆಗೆ ಮನೆ ಎಳೆದೆ. ನಾಲ್ವರು ಆಡಬೇಕು. ಒಬ್ಬ ದಳವಾಯಿ, ಒಬ್ಬ ಕುರಿ ಕಾಯುವವ, ಒಬ್ಬ ಕಾವಲುಗಾರ, ಒಬ್ಬಳು ಬೇರು ನಾರಿನ ಔಷಧಿ ಕೊಡುವ ಅಜ್ಜಿ. ಆಡುವವರು ತಮ್ಮ ಪಾತ್ರದ ಬಾಯಲ್ಲೇ ಮಾತಾಡಬೇಕು. ಐದು ಕವಡೆ, ಎಷ್ಟು ಅಂಗಾತ ಬಿದ್ದರೆ ಅಷ್ಟು ಮನೆ ಮುಂದೆ. ಗುಡಿ ಮೊದಲು ಮುಟ್ಟಿದವನು ಗೆದ್ದ. ದಾರಿಯಲ್ಲಿ ಒಂದು ಹುಣಸೆಮರದ ಮನೆ. ಅಲ್ಲಿಗೆ ಬಂದವನಿಗೆ ದೆವ್ವ ಹಿಡಿಯುತ್ತೆ. ಬಿಟ್ಟ ಮೇಲೆ ಮತ್ತೆ ಕೆಳಗಿನ ಬಾಗಿಲಿನಿಂದ ಶುರು. ದೆವ್ವ ಅಂದರೆ ಶಿಕ್ಷೆ ಅಂತ ನಾನು ತಿಳಿದಿದ್ದೆ. ಅಲ್ಲೇ ನಾನು ಕೆಟ್ಟೆ.

ಹೆಡ್ಮೇಷ್ಟ್ರಿಗೆ ಆಟ ಬೇಕಾಯಿತು, ಯಾಕೆಂದರೆ ಇನ್‌ಸ್ಪೆಕ್ಟರು ಬರುವವರಿದ್ದರು, ತೋರಿಸಲು ಸ್ಕೂಲಿನಲ್ಲಿ ಹೊಸದೇನೂ ಇರಲಿಲ್ಲ. ಹೋದ ವರ್ಷ ಬಂದಾಗ ಆ ಇನ್‌ಸ್ಪೆಕ್ಟರು, ಹೆಡ್ಮೇಷ್ಟ್ರು ಬೋರ್ಡಿನ ಮೇಲೆ ಮಾಡಿದ್ದ ಲೆಕ್ಕವನ್ನು ಮಕ್ಕಳ ಎದುರಿಗೇ ತಪ್ಪು ಅಂದಿದ್ದರು. ಲೆಕ್ಕ ಸರಿ ಇತ್ತು. ಆದರೂ ಹೆಡ್ಮೇಷ್ಟ್ರು "ಹೌದು ಸಾರ್, ತಪ್ಪು ಸಾರ್" ಅಂತ ತಮ್ಮ ಕೈಯಾರೆ ಅಳಿಸಿದ್ದರು. ಈ ಸಲ ನನ್ನನ್ನು ಕರೆದು ಅಂದರು: "ಮೇಷ್ಟ್ರೇ, ನಿಮ್ಮ ಆಟ ಒಂದು ಪೀರಿಯಡ್ಡಿನೊಳಗೆ ಮುಗೀಬೇಕು, ಒಬ್ಬರು ಗೆಲ್ಲಬೇಕು. ಸಾಹೇಬ್ರ ಎದುರಿಗೆ ಹಂಗಾದ್ರೆ ನಿಮ್ಮ ಶನಿವಾರದ ಪೀರಿಯಡ್ ವಾಪಸ್ ಕೊಡ್ತೀನಿ. ಇಲ್ಲಾಂದ್ರೆ ಆ ಮಾತೇ ಎತ್ತಬ್ಯಾಡ್ರಿ."

ನನ್ನದೇ ಪೀರಿಯಡ್ಡು, ನನಗೇ ಬಹುಮಾನ! ಹಲ್ಲು ಕಡಿದುಕೊಂಡು ಆಗಲಿ ಸಾರ್ ಅಂದೆ.

೧. ಪಂಡಿತರ ನಿದ್ದೆ

ಮೊದಲು ಬರೆದ ನಿಯಮ ಸರಳವಾಗಿತ್ತು. ದೆವ್ವ ಹಿಡಿದವನು ಮೂರು ಸರದಿ ಕವಡೆ ಮುಟ್ಟಬಾರದು, ಮಾತಾಡಬಾರದು, ಸುಮ್ಮನೆ ಕುಂತಿರಬೇಕು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲೇ ಆಡಿಸಿ ನೋಡಿದೆ. ಹೊಳಲ್ಕೆರೆಯಿಂದ ದಿನಾ ಬಸ್ಸಿಗೆ ಬರುವ ಹಿಂದಿ ಪಂಡಿತರು ಎರಡನೇ ಸಲಕ್ಕೇ ಹುಣಸೆಮರಕ್ಕೆ ಬಿದ್ದರು. ನಿಯಮದ ಪ್ರಕಾರ ಬಾಯಿ ಮುಚ್ಚಿದರು. ಆಮೇಲೆ ಕಣ್ಣು ಮುಚ್ಚಿದರು. ಆಮೇಲೆ ಗೊರಕೆ.

ಗಂಟೆ ಹೊಡೆಯಿತು. ಎಬ್ಬಿಸಿದೆ. "ಪಂಡಿತ್ರೇ, ಒಂಬತ್ತನೇ ಕ್ಲಾಸು ಕಾಯ್ತಾ ಐತೆ, ಏಳ್ರಿ."

ಒಂದೇ ಕಣ್ಣು ತೆಗೆದರು. "ನನಗೆ ಎರಡೇ ಸರದಿ ಆಗಿರೋದು. ಇನ್ನೂ ಒಂದು ಐತೆ."

"ಆಟ ನಿಂತೋಯ್ತು ಮಾರಾಯ್ರೇ!"

"ಆಟ ನಿಂತ್ರೆ ಸರದಿ ಹೆಂಗ್ರಿ ಮುಗೀತೈತೆ? ನಾಳೆ ಆಡಾಣ. ಅಲ್ಲೀಗಂಟ ನನಗೆ ದೆವ್ವ ಐತೆ ಅಂತ ಕ್ಲಾಸಿಗೆ ಹೇಳಿ ಕಳಿಸ್ರಿ."

ಹೋಗಿ ಹೇಳಿದವನು ನಾನೇ. ಒಂಬತ್ತನೇ ಕ್ಲಾಸಿನವರು ಚಪ್ಪಾಳೆ ತಟ್ಟಿದರು.

೨. ಬಬ್ಬೂರಿನ ಕಾಯ್ದೆ

ಮನೆಗೆ ಬಂದು ಶೀಟು ಹಾಸಿಕೊಂಡು ಕುಂತೆ. ಹಿರಿಯೂರಿನ ಹತ್ತಿರದ ಬಬ್ಬೂರಿನಿಂದ ನನ್ನ ಅತ್ತೆ ಬಂದಿದ್ದರು. ಅಳಿಯ ಎಂದರೆ ತಲೆ ಮೇಲೆ ಸೆರಗು, ಬಾಗಿಲ ಹಿಂದಿನಿಂದ ಮಾತು. ಎಂಟು ವರ್ಷದಲ್ಲಿ ಒಂದು ಸಲ ಎದುರು ನಿಂತು ಮಾತಾಡಿದವರಲ್ಲ. ನನ್ನ ನಿಯಮ ಕೇಳಿ ಬಾಗಿಲ ಹಿಂದೆ ಕಿಸಕ್ಕನೆ ನಕ್ಕರು.

"ಮಾತಾಡದ ದೆವ್ವ ಯಾತರದ್ರೀ ಅಳಿಯಂದ್ರೇ? ನಮ್ಮೂರಾಗೆ ದೆವ್ವ ಬಂದ್ರೆ ಮೊದ್ಲು ಕೇಳ್ತಾರೆ, ಯಾರು ನೀನು, ಏನು ಬೇಕು ಅಂತ. ಅದಕ್ಕೆ ದೊಡ್ಡೋರು ಸಣ್ಣೋರು ಅಂತ ಇಲ್ಲ, ಬಾಯಿಗೆ ಬಂದಂಗೆ ಬೈತೈತೆ. ಕೇಳಿದ್ದು ಕೊಟ್ರೆ ಹೋಗ್ತೈತೆ. ಅದಕ್ಕೂ ಒಂದು ಕಾಯ್ದೆ ಐತೆ."

ತಿಳಿದವರು ಹೇಳುತ್ತಿದ್ದಾರಲ್ಲ ಅಂತ ಹಳೆಯದನ್ನು ಹೊಡೆದು ಹಾಕಿ ಹೊಸದಾಗಿ ಎರಡು ಬರೆದೆ. ಒಂದು: ದೆವ್ವ ಬಾಯಿಗೆ ಬಂದಂತೆ ಬೈಯಬಹುದು, ಏನಾದರೂ ಒಂದು ಕೇಳಬಹುದು, ಕೇಳಿದ್ದನ್ನು ಎದುರಿನವರು ಕೊಡಲೇಬೇಕು. ಎರಡು: ದೆವ್ವ ಹಿಡಿಯುವುದು ಹುಣಸೆಮರದ ಮನೆಗೆ ಕಾಯಿ ಬಂದವರಿಗೆ ಮಾತ್ರ. ನನ್ನ ಕೈಗೆ ಯಾರಾದರೂ ಆಗಲೇ ಬರೆ ಹಾಕಬೇಕಿತ್ತು.

ಅತ್ತೆಯನ್ನೂ ಆಟಕ್ಕೆ ಕೂರಿಸಿದೆ. ಬಹಳ ನಾಚಿಕೊಂಡು ಕವಡೆ ಹಾಕಿದರು. ಹುಣಸೆಮರ. "ಏನು ಬೇಕು ನಿನಗೆ?" ಅಂತ ನನ್ನ ಹೆಂಡತಿ ಎಷ್ಟು ಬೇಗ ಕೇಳಿದಳೆಂದರೆ, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಅಂತ ನನಗೆ ಇವತ್ತಿಗೂ ಅನುಮಾನ.

ಅತ್ತೆ ತುರುಬು ಬಿಚ್ಚಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಲೇ ಡ್ರಾಯಿಂಗು!" ಅಂದರು. ನಾನು ಹಿಂದೆ ಯಾರಾದರೂ ಇದ್ದಾರೇನೋ ಅಂತ ತಿರುಗಿ ನೋಡಿದೆ. "ನಿನಗೇ ಕಣಲೇ! ಮೂರು ವರ್ಷ ಆತು ನನ್ನ ಮಗಳು ತವರು ನೋಡಿ. ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಅಂತ ಎಷ್ಟು ಸುಳ್ಳು ಹೇಳ್ತೀಯ? ಬೆಳಗ್ಗೆ ಮೊದಲನೇ ಬಸ್ಸಿಗೆ ಹತ್ತಿಸು. ಹದಿನೈದು ದಿವಸ ಬರಲ್ಲ. ಕೊಡ್ತೀಯೋ ಇಲ್ಲೋ?"

ನನ್ನ ಕೈಬರಹ ನನ್ನ ಮುಂದೆಯೇ ಇತ್ತು. ಕೊಟ್ಟೆ. ತಕ್ಷಣ ಅತ್ತೆ ಸೆರಗು ಹೊದ್ದು ಬಾಗಿಲ ಹಿಂದೆ ಹೋಗಿ, "ತಪ್ಪು ತಿಳ್ಕಾಬ್ಯಾಡ್ರಿ ಅಳಿಯಂದ್ರೇ, ನನಗೇನೂ ಗ್ಯಾನ ಇಲ್ಲ" ಅಂದರು. ಹದಿನೈದು ದಿನ ನಾನು ನನ್ನ ಕೈಯ ಉಪ್ಪಿಟ್ಟು ತಿಂದೆ. ದೆವ್ವಕ್ಕೂ ಅಂಥಾ ಶಿಕ್ಷೆ ಬೇಡ.

೩. ಮರ ಎದ್ದು ಹೋದದ್ದು

ಚಿತ್ರದುರ್ಗದಲ್ಲಿ ನನ್ನ ಗೆಳೆಯನೊಬ್ಬ ಇದ್ದ, ಸಾಬರು, ಟೈಲರು. ಶೀಟು ಹರಿಯದಂತೆ ಹಿಂದೆ ಬಟ್ಟೆ ಕೊಟ್ಟು ಹೊಲಿಸೋಣ ಅಂತ ಅವನ ಅಂಗಡಿಗೆ ಹೋದೆ. ಅಲ್ಲಿ ಕಂಬಳಿ ಅಂಚು ಹೊಲಿಸಲು ಬಂದಿದ್ದ ಕುರಿ ಕಾಯುವ ಹಿರಿಯನೊಬ್ಬ ಕುಂತಿದ್ದ. ಶೀಟನ್ನು ಬಹಳ ಹೊತ್ತು ನೋಡಿದ. ನನಗೆ ಹೆಮ್ಮೆಯಾಯಿತು. ಕಡೆಗೂ ಒಬ್ಬ ನನ್ನ ಚಿತ್ರ ನೋಡಿದನಲ್ಲ!

"ಈ ಹುಣಸೆಮರದಾಗೆ ದೆವ್ವ ಐತೆ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ ಯಜಮಾನ್ರೇ, ಇದು ಆಟ."

"ಕೋಟೆ ದಾರಿಯ ಆ ಮರದ ಕೆಳಗೆ ವರ್ಷಾ ವರ್ಷಾ ನಾವು ಕುರಿ ತರುಬ್ತೀವಿ. ಒಂದು ದಿನಕ್ಕೂ ಒಂದು ದೆವ್ವ ಕಂಡಿಲ್ಲ. ನೀವು ಹಿಂಗೆ ಬರ್ಕಂಡು ಊರೂರು ತಿರುಗಿದ್ರೆ ನಾಳೆ ನನ್ನ ಸೊಸೇರು ಅಲ್ಲಿಗೆ ಬುತ್ತಿ ತರ್ತಾರಾ? ತೆಗೀರಿ ಅದನ್ನ!"

"ತೆಗೆಯಕ್ಕಾಗಲ್ಲ. ಇಂಡಿಯನ್ ಇಂಕು."

"ಏನರ ಇರಲಿ. ತೆಗೀರಿ ಅಂದ್ರೆ ತೆಗೀರಿ!"

ನನಗೂ ರೇಗಿತು. ನಾನೂ ಕೂಗಿದೆ, ಅವನೂ ಕೂಗಿದ. ಅಂಗಡಿ ಮುಂದೆ ಜನ ಸೇರಿದರು. ಜನವೆಲ್ಲ ಅವನ ಕಡೆ! ಟೈಲರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಅರೆ, ಗಲಾಟೆ ಯಾಕ್ರಿ?" ಅಂತ ಹುಣಸೆಮರದ ಮೇಲೆ ಒಂದು ತುಂಡು ಬಟ್ಟೆ ಅಂಟಿಸಿ, ಗುಡಿಗೆ ಒಂದೇ ಮನೆ ಹಿಂದೆ ಬಣ್ಣದ ದಾರದಲ್ಲಿ ಹೊಸ ಮರ ಹೊಲಿದುಬಿಟ್ಟ. "ಇಲ್ಲಿರಲಿ. ಇಲ್ಲಿ ಯಾರೂ ಕುರಿ ಕಟ್ಟಲ್ಲ."

ಈಗ ಗುಡಿ ಮುಟ್ಟಬೇಕಾದವನು ಮರದ ಪಕ್ಕದಲ್ಲೇ ದಾಟಬೇಕು. ನನ್ನ ಆಟದ ಕತ್ತೇ ತಿರುಚಿದ ಹಾಗಾಯಿತು. ಆ ಹಿರಿಯ ಮಾತ್ರ ಸಮಾಧಾನವಾಗಿ ಕಂಬಳಿ ಹೊದ್ದು, ಹೋಗುವಾಗ ಒಂದು ಮಾತು ಹೇಳಿದ: "ಮೇಷ್ಟ್ರೇ, ಚಿತ್ರ ಚೆನ್ನಾಗೈತೆ. ಕುರಿ ಒಂದೂ ಇಲ್ಲ ಅಷ್ಟೇ."

೪. ಬೇವಿನ ಸೊಪ್ಪು

ಇಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ಗೆಲ್ಲುವುದು ಬಿಟ್ಟು ದೆವ್ವ ಹಿಡಿಸಿಕೊಳ್ಳಲು ಆಡತೊಡಗಿದ್ದರು. ಹಿಡಿದರೆ ಬೈಯಬಹುದು, ಕೇಳಿದ್ದು ಸಿಗುತ್ತೆ. ಗುಡಿ ಯಾರಿಗೆ ಬೇಕು? ಇವರ ಸೊಕ್ಕು ಮುರಿಯಬೇಕು ಅಂತ ಇನ್ನೊಂದು ನಿಯಮ ಸೇರಿಸಿದೆ. ದೆವ್ವ ಹಿಡಿದವನಿಗೆ ಎದುರಿನವರು ಒಂದೊಂದು ಸಲ ಬೇವಿನ ಸೊಪ್ಪಿನಿಂದ ಹೊಡೆಯಬೇಕು.

ಮೊದಲು ಮರಕ್ಕೆ ಬಂದವರು ಡ್ರಿಲ್ ಮೇಷ್ಟ್ರು. ಪಂಡಿತರ ಪಾಠದ ಹೊತ್ತಿಗೇ ಸರಿಯಾಗಿ ಕಿಟಕಿಯ ಹೊರಗೆ ಸೀಟಿ ಊದುತ್ತಿದ್ದವರು. ಪಂಡಿತರು ಎದ್ದು, ಪಂಚೆ ಎತ್ತಿ ಕಟ್ಟಿ, ಹೊರಗೆ ಹೋಗಿ ಸೊಪ್ಪು ತಂದರು. ಸೊಪ್ಪಲ್ಲ, ಕೊಂಬೆ.

ಮೂರನೇ ಏಟಿಗೆ ನಾನು ಅಡ್ಡ ಹೋದೆ. "ಪಂಡಿತ್ರೇ, ಒಂದೇ ಅಂತ ಬರೆದೀನಿ! ಅವರಿಗೆ ದೆವ್ವ ಆವಾಗ್ಲೇ ಬಿಟ್ಟೈತೆ!"

"ಬಿಟ್ಟಿರೋದು ನನಗೂ ಗೊತ್ರಿ," ಅಂದರು ಪಂಡಿತರು, ಏದುಸಿರು ಬಿಡುತ್ತ. "ಈಗ ಹೊಡೀತಿರೋದು ಡ್ರಿಲ್ ಮೇಷ್ಟ್ರಿಗೇ."

ಆ ನಿಯಮವನ್ನು ಅವತ್ತೇ ಹರಿದು ಹಾಕಿದೆ.

೫. ಐದು ಕವಡೆ

ಇನ್‌ಸ್ಪೆಕ್ಟರು ಬಂದದ್ದು ಶನಿವಾರ. ಹೆಡ್ಮೇಷ್ಟ್ರ ಮೇಜಿನ ಮೇಲೆ ಶೀಟು ಹಾಸಿದೆ. ಕಡೇ ಪೀರಿಯಡ್ಡಿಗೆ ಮುಂಚಿನ ಪೀರಿಯಡ್ಡು ಆಟಕ್ಕೆ. ಇನ್‌ಸ್ಪೆಕ್ಟರು ದಳವಾಯಿ, ಹೆಡ್ಮೇಷ್ಟ್ರು ಕುರಿ ಕಾಯುವವ, ಡ್ರಿಲ್ ಮೇಷ್ಟ್ರು ಕಾವಲುಗಾರ, ಪಂಡಿತರು ಅಜ್ಜಿ. ಪಂಡಿತರಿಗೂ ಡ್ರಿಲ್ ಮೇಷ್ಟ್ರಿಗೂ ಬೆಳಗ್ಗೆಯೇ ಕೈ ಮುಗಿದಿದ್ದೆ. "ಇವತ್ತೊಂದು ದಿನ ಯಾರೂ ದೆವ್ವ ಹಿಡಿಸ್ಕಾಬ್ಯಾಡ್ರಪ್ಪ. ನನ್ನ ಪೀರಿಯಡ್ಡಿನ ಪ್ರಶ್ನೆ." ಪುಣ್ಯಾತ್ಮರು ಮಾತು ಉಳಿಸಿಕೊಂಡರು.

ಗಂಟೆಗೆ ಮೂರು ನಿಮಿಷ ಇತ್ತು. ಹೆಡ್ಮೇಷ್ಟ್ರ ಕಾಯಿಗೂ ಗುಡಿಗೂ ಐದೇ ಮನೆ. ಐದು ಬಿದ್ದರೆ ಗುಡಿ, ನಾಲ್ಕು ಬಿದ್ದರೆ ಮರ. ಹೆಡ್ಮೇಷ್ಟ್ರು ಕವಡೆ ಕುಲುಕಿದರು. ಇನ್‌ಸ್ಪೆಕ್ಟರು ಪಂಡಿತರ ಕಡೆ ತಿರುಗಿ, "ನಿಮ್ಮ ಹೆಡ್ಡಿಗೆ ಲೆಕ್ಕ ಅಂತೂ ಬರಲ್ಲ, ಕವಡೆ ಎಣಿಸಕ್ಕಾದ್ರೂ ಬರ್ತೈತೇನ್ರಿ?" ಅಂತ ನಕ್ಕರು.

ಕವಡೆ ಬಿದ್ದವು. ಐದಕ್ಕೆ ಐದೂ ಅಂಗಾತ!

ಗುಡಿ! ಆಟ ಮುಗಿಯಿತು! ನನ್ನ ಶನಿವಾರ ನನಗೆ ಬಂತು! ನನ್ನ ಕಣ್ಣಲ್ಲಿ ನೀರೇ ಬಂತು.

ಹೆಡ್ಮೇಷ್ಟ್ರು ಕವಡೆ ನೋಡಿದರು. ಇನ್‌ಸ್ಪೆಕ್ಟರನ್ನು ನೋಡಿದರು. ಕಿರುಬೆರಳಿನಿಂದ ಮೆಲ್ಲಗೆ ಒಂದು ಕವಡೆ ಬೋರಲು ಮಾಡಿ, "ನಾಲ್ಕು" ಅಂದರು. ನನ್ನ ಪೀರಿಯಡ್ಡನ್ನೆಲ್ಲ ಲೆಕ್ಕಕ್ಕೇ ಅಂತ ಎಳಕೊಂಡ ಮನುಷ್ಯ ಐದನ್ನು ನಾಲ್ಕು ಅಂತ ಎಣಿಸಿ, ಕಾಯಿಯನ್ನು ಹುಣಸೆಮರದ ಮನೆಯಲ್ಲಿಟ್ಟರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಎದ್ದು ನಿಂತರು.

"ಲೇ ಇನ್‌ಸ್ಪೆಕ್ಟರು! ಹೋದ ವರ್ಷದ ಆ ಲೆಕ್ಕ ಸರಿ ಇತ್ತು ಕಣಲೇ! ಬೋರ್ಡಿನ ಮೇಲೆ ಮಾಡಿದ್ದು ಸರಿ ಇತ್ತು! ಮಕ್ಕಳ ಮುಂದೆ ನನ್ನ ಮಾನ ಕಳೆದೆಯಲ್ಲ! ಸರಿ ಇತ್ತು ಅಂತ ಈಗ ಒಪ್ಕಂತೀಯೋ ಇಲ್ಲೋ?"

ಇನ್‌ಸ್ಪೆಕ್ಟರ ಮುಖ ಬಿಳುಚಿತು. "ಮೇಷ್ಟ್ರೇ, ಇದು ನಿಯಮದಾಗೆ ಐತೇನ್ರಿ?"

"ಐತೆ ಸಾರ್," ಅಂದೆ. ಬರೆದವನು ನಾನೇ, ಇಲ್ಲ ಅಂತ ಹೆಂಗೆ ಹೇಳಲಿ?

"ಆತಪ್ಪ, ಸರಿ ಇತ್ತು. ಲೆಕ್ಕ ಸರಿ ಇತ್ತು," ಅಂದರು ಇನ್‌ಸ್ಪೆಕ್ಟರು. ಢಣ್ ಅಂತ ಗಂಟೆ ಹೊಡೆಯಿತು. ಗುಡಿ ಯಾರೂ ಮುಟ್ಟಲಿಲ್ಲ.

ನನಗೆ ತಲೆ ಕೆಟ್ಟಿತು. ಶೀಟನ್ನು ಮೇಜಿನಿಂದ ಎಳೆದು ಬಿಸಾಡಿದೆ. ಕವಡೆ ಹಾರಿ ಬೀರುವಿನ ಕೆಳಗೆ ಹೋದವು. "ನನಗೂ ದೆವ್ವ ಹಿಡೀತು! ಲೇ ಹೆಡ್ಡು, ಬಿದ್ದಿದ್ದು ಐದು ಕಣಲೇ! ನನ್ನ ಪೀರಿಯಡ್ ಕೊಡಲೇ!" ಅಂತ ಕಿರುಚಿದೆ. ಪಂಡಿತರು ಕುರ್ಚಿ ಹಿಂದಕ್ಕೆ ಎಳಕೊಂಡರು.

ಹೆಡ್ಮೇಷ್ಟ್ರು ನಿಧಾನಕ್ಕೆ ಕನ್ನಡಕ ಒರೆಸಿ ಹಾಕಿಕೊಂಡರು. ಅಷ್ಟು ವರ್ಷದಲ್ಲಿ ಅವರ ಮುಖ ಅಷ್ಟು ಶಾಂತವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

"ನೀವು ಆಟದಾಗೇ ಇರಲಿಲ್ಲವಲ್ರೀ ಮೇಷ್ಟ್ರೇ. ಹುಣಸೆಮರದ ಮನೆಗೆ ಬಂದೋರಿಗೆ ಮಾತ್ರ ದೆವ್ವ, ನೀವೇ ಬರೆದಿರೋ ಎರಡನೇ ನಿಯಮ. ಅಂದಮೇಲೆ ನಿಯಮದ ಪ್ರಕಾರ ನಡೀಬೇಕಪ್ಪ," ಅಂದರು. ಸೀಮೆಸುಣ್ಣದ ಡಬ್ಬಿ ಕೈಗೆ ತಗೊಂಡು ಬಾಗಿಲಿಗೆ ಹೋದರು. "ದಾರಿ ಬಿಡ್ರಿ. ಶನಿವಾರದ ಕಡೇ ಪೀರಿಯಡ್ಡು, ನನಗೆ ಲೆಕ್ಕದ ಕ್ಲಾಸೈತೆ."